ನನ್ನ ಮೌಂಟನ್ ಬೈಕಿನ ಗಾಲಿ ಟ್ಯೂಬ್‌ಲೆಸ್ ಮಾಡಬಹುದಾ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು. ನನ್ನದು 27.5 ಇಂಚಿನ ಗಾಲಿಯ ಮೌಂಟನ್ ಬೈಕ್, ಮೂರು ವರ್ಷ ಹಳೆಯದು. ವಾರಕ್ಕೆ ಮೂರು ದಿನ ಮುಚಖಂಡಿ ಕೆರೆ ಕಡೆ ಹೋಗುತ್ತೇನೆ, ತಿಂಗಳಿಗೊಮ್ಮೆ ಬಾದಾಮಿಗೆ. ಮಳೆಗಾಲ ಮುಗಿದರೆ ಪಂಚರ್ ಕಾಟ ಶುರು. ಹೋದ ತಿಂಗಳು ಒಂದೇ ಬೆಳಿಗ್ಗೆ ಮೂರು ಸಲ ಟ್ಯೂಬ್ ಬಿಚ್ಚಿದೆ. ಒಬ್ಬ ಮೆಕ್ಯಾನಿಕ್ ‘ಸೈಕಲ್ಲಿಗೆ ಟ್ಯೂಬ್‌ಲೆಸ್ ಆಗೋದಿಲ್ಲ’ ಅಂದರು. ಇನ್ನೊಬ್ಬರು ‘ಟ್ಯೂಬ್ ತೆಗೆದು ಸೀಲಂಟ್ ಸುರಿದರೆ ಮುಗೀತು’ ಅಂದರು. ಯಾರ ಮಾತು ಸರಿ? ಇರುವ ಗಾಲಿಯಲ್ಲೇ ಮಾಡಬಹುದಾ? ನನ್ನ ತೂಕ 74 ಕಿಲೋ.

ಉತ್ತರ: ಇಬ್ಬರ ಮಾತೂ ಸರಿಯಿಲ್ಲ. ಸೈಕಲ್ಲಿಗೆ ಟ್ಯೂಬ್‌ಲೆಸ್ ಖಂಡಿತ ಆಗುತ್ತದೆ. ಮಾವಿಕ್ ಕಂಪನಿ ಮಿಶಲಿನ್, ಹಚಿನ್ಸನ್ ಜೊತೆ ಸೇರಿ ಮೌಂಟನ್ ಬೈಕಿಗೆ ‘ಯುಎಸ್‌ಟಿ’ ಅನ್ನುವ ಟ್ಯೂಬ್‌ಲೆಸ್ ಪದ್ಧತಿ ತಂದದ್ದು 1999ರಲ್ಲಿ. ಇವತ್ತು ಒಳ್ಳೆಯ ಮೌಂಟನ್ ಬೈಕ್ ಓಡಿಸುವವರಲ್ಲಿ ಟ್ಯೂಬ್ ಇಟ್ಟುಕೊಂಡವರೇ ಕಮ್ಮಿ. ಆದರೆ ಟ್ಯೂಬ್ ತೆಗೆದು ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಸುರಿದರೆ ಅದು ಟ್ಯೂಬ್‌ಲೆಸ್ ಆಗುವುದಿಲ್ಲ. ರಿಮ್ಮಿನ ಕಡ್ಡಿ ತೂತುಗಳಿಂದ ಬಿಳಿ ನೀರು ಸೋರಿ ನಿಮ್ಮ ಅಂಗಳ ಕೆಡುತ್ತದೆ, ಅಷ್ಟೇ. ನಡುವೆ ಒಂದು ಕೆಲಸ ಇದೆ: ರಿಮ್ಮಿನ ಒಳಗೆ ಕಡ್ಡಿ ತೂತು ಮುಚ್ಚುವ ಟೇಪು. ಇಷ್ಟು ವರ್ಷ ನನ್ನ ಗಾಲಿ, ಗೆಳೆಯರ ಗಾಲಿ ಮಾಡಿದ ಅನುಭವದಲ್ಲಿ ಹೇಳುತ್ತೇನೆ. ಟೇಪು ಸರಿಯಾಗಿ ಕೂತರೆ ಉಳಿದದ್ದೆಲ್ಲ ತಾನಾಗೇ ಸರಿಯಾಗುತ್ತದೆ. ಟೇಪು ಕೆಟ್ಟರೆ ಎಷ್ಟು ದುಬಾರಿ ಸೀಲಂಟ್ ಹಾಕಿದರೂ ಬೆಳಗಾಗುವಷ್ಟರಲ್ಲಿ ಗಾಲಿ ಮಲಗಿರುತ್ತದೆ.

ನಾನು ವಿಜಯಪುರದವನು. ನಿಮ್ಮ ಕಡೆಯ ಮುಳ್ಳೇ ನಮ್ಮ ಕಡೆಯೂ. ಭೂತನಾಳ ಕೆರೆ ಕಡೆ ಬೆಳಿಗ್ಗೆ ಹೊರಟರೆ ಹೊಲದ ಬದುವಿನ ದಾರಿ ತುಂಬ ನೆಗ್ಗಿಲು. ಆ ಗಿಡ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಹಳದಿ ಹೂ ಬಿಡುತ್ತದೆ, ನೋಡಲು ಪಾಪದ ಗಿಡ. ಅದರ ಕಾಯಿ ಒಣಗಿದರೆ ಐದು ಹೋಳಾಗಿ ಒಡೆಯುತ್ತದೆ. ಪ್ರತಿ ಹೋಳಿಗೂ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡುತ್ತಲೇ ಇರುತ್ತದೆ. ಇದರ ಜೊತೆಗೆ ಬಳ್ಳಾರಿ ಜಾಲಿ, ಕರಿಜಾಲಿ. ಬೇಲಿಗೆ ಅಂತ ಕಡಿದು ಎಳೆದುಕೊಂಡು ಹೋದ ದಾರಿಯಲ್ಲಿ ವಾರಗಟ್ಟಲೆ ಮುಳ್ಳು ಬಿದ್ದಿರುತ್ತದೆ. ಬೇರೆ ಊರಿನವರು ಟ್ಯೂಬ್‌ಲೆಸ್ ಹಾಕಿಸುವುದು ಕಲ್ಲಿನ ಮೇಲೆ ಹಿಡಿತ ಸಿಗಲಿ ಅಂತ. ನಮಗೆ ಮುಳ್ಳೇ ಮೊದಲ ಕಾರಣ, ಹಿಡಿತ ಎರಡನೆಯದು.

ಮುಳ್ಳಿಗೆ ಅದು ಹೇಗೆ ಉತ್ತರ ಕೊಡುತ್ತದೆ ನೋಡಿ. ಟೈರಿನೊಳಗೆ ಹಾಲಿನಂಥ ದ್ರವ ಇರುತ್ತದೆ, ಅದೇ ಸೀಲಂಟ್. ಹೆಚ್ಚಿನವು ರಬ್ಬರ್ ಹಾಲಿನಿಂದ, ಅಂದರೆ ಲೇಟೆಕ್ಸ್‌ನಿಂದ ಮಾಡಿದವು, ಅದರಲ್ಲಿ ಸಣ್ಣ ಸಣ್ಣ ಕಣ ತೇಲುತ್ತಿರುತ್ತವೆ. ಮುಳ್ಳು ಚುಚ್ಚಿ ತೂತಾದ ಕೂಡಲೇ ಗಾಳಿ ಹೊರಗೆ ನುಗ್ಗುತ್ತದೆ, ತನ್ನ ಜೊತೆ ಆ ದ್ರವವನ್ನೂ ಎಳೆಯುತ್ತದೆ. ಕಣಗಳು ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ, ರಬ್ಬರ್ ಅಲ್ಲೇ ಹೆಪ್ಪುಗಟ್ಟುತ್ತದೆ. ಮೊದಲ ಸಲ ನೋಡಿದಾಗ ನಾನು ಸೈಕಲ್ ನಿಲ್ಲಿಸಿ ಕೂತು ನೋಡಿದ್ದೆ. ನೆಗ್ಗಿಲ ಮುಳ್ಳು ಕಿತ್ತೆ. ಸುಯ್ ಅಂತ ಸದ್ದು, ಒಂದು ಬಿಳಿ ಹನಿ ಹೊರಗೆ ಬಂತು, ಗುಳ್ಳೆಯಾಯಿತು. ತೂತು ಕೆಳಗೆ ಬರುವ ಹಾಗೆ ಗಾಲಿ ತಿರುಗಿಸಿದೆ. ಮೂರು ಉಸಿರು ಎಣಿಸುವಷ್ಟರಲ್ಲಿ ಸದ್ದು ನಿಂತಿತು. ಆ ದಿನ ಮನೆಗೆ ಬಂದು ಎಣಿಸಿದರೆ ಹಿಂದಿನ ಟೈರಿನಲ್ಲಿ ಹನ್ನೊಂದು ಬಿಳಿ ಚುಕ್ಕೆ. ಟ್ಯೂಬ್ ಇದ್ದಿದ್ದರೆ ಹನ್ನೊಂದು ತೇಪೆ, ಅಲ್ವಾ?

ಇನ್ನು ನಿಮ್ಮ ಗಾಲಿಗೆ ಬರೋಣ. ಆಗುತ್ತದೋ ಇಲ್ಲವೋ ಅಂತ ಹೇಳುವುದು ರಿಮ್ಮು. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಒಂದು ಗಾಲಿ ಬಿಚ್ಚಿ ನೋಡಿ. ಟೈರು, ಟ್ಯೂಬು, ಕಡ್ಡಿ ತಲೆ ಮುಚ್ಚಿರುವ ರಬ್ಬರ್ ಪಟ್ಟಿ ಎಲ್ಲ ತೆಗೆಯಿರಿ. ಕಡ್ಡಿ ತೂತಿನೊಳಗೆ ಇಣುಕಿದರೆ ಕೆಳಗೆ ಇನ್ನೊಂದು ಗೋಡೆ ಕಾಣುತ್ತದೆಯಾ? ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲಿನ ತಲೆ ಆ ಕೆಳಗಿನ ಗೋಡೆಯಲ್ಲಿ ಕೂತಿದೆಯಾ? ಹಾಗಿದ್ದರೆ ಅದು ಎರಡು ಗೋಡೆಯ, ಅಂದರೆ ಡಬಲ್ ವಾಲ್ ರಿಮ್ಮು. ಕೆಲಸಕ್ಕೆ ಬರುತ್ತದೆ. ನಿಪ್ಪಲ್ ತಲೆಗಳು ಮೇಲೆಯೇ ಉಬ್ಬಿಕೊಂಡಿದ್ದರೆ ಒಂದೇ ಗೋಡೆಯ ರಿಮ್ಮು. ಅದನ್ನು ಬಿಟ್ಟುಬಿಡಿ. ಅದರ ಮೇಲೆ ಟೇಪು ಸಮನಾಗಿ ಕೂರುವುದಿಲ್ಲ, ಇವತ್ತು ನಿಂತರೂ ನಾಳೆ ಕೈ ಕೊಡುತ್ತದೆ.

ಎರಡನೆಯದು, ಟೈರಿನ ಅಂಚು ಕೂರುವ ಜಾಗ. ರಿಮ್ಮಿನ ನಡುವೆ ತಗ್ಗು ಇರುತ್ತದೆ, ಎರಡೂ ಬದಿಗೆ ಸಪಾಟಾದ ಕಟ್ಟೆ. ಟ್ಯೂಬ್‌ಲೆಸ್‌ಗೆ ಅಂತಲೇ ಮಾಡಿದ ರಿಮ್ಮಿನಲ್ಲಿ ಕಟ್ಟೆಯ ಒಳ ತುದಿಗೆ ಸಣ್ಣ ಏಣು ಇರುತ್ತದೆ, ಉಗುರು ಎಳೆದರೆ ತಡೆಯುತ್ತದೆ. ಗಾಳಿ ಕಮ್ಮಿಯಾದಾಗ ಟೈರಿನ ಅಂಚು ತಗ್ಗಿಗೆ ಜಾರದ ಹಾಗೆ ಹಿಡಿಯುವುದು ಆ ಏಣು. ಅದು ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೂ ಮಾಡುವವರಿದ್ದಾರೆ, ನಾನೂ ಮಾಡಿದ್ದೇನೆ. ಆದರೆ ಅಂಥ ರಿಮ್ಮಿನಲ್ಲಿ ಗಾಳಿ ತೀರಾ ಇಳಿಸಬಾರದು. ತಿರುವಿನಲ್ಲಿ ಜೋರಾಗಿ ವಾಲಿದಾಗ ಅಂಚು ಜಾರಿ ಗಾಳಿ ಭಸ್ ಅಂತ ಹೋಗುವುದುಂಟು.

ಮೂರನೆಯದು ಟೈರು. ಇಲ್ಲಿ ರಾಜಿ ಬೇಡ. ಬೈಕಿನ ಜೊತೆ ಬಂದ ತಂತಿ ಅಂಚಿನ ಮಾಮೂಲಿ ಟೈರನ್ನು ಟ್ಯೂಬ್ ಇಲ್ಲದೆ ಓಡಿಸಬೇಡಿ. ಅದರ ಅಂಚು ರಿಮ್ಮನ್ನು ಕಚ್ಚಿ ಹಿಡಿಯುವ ಹಾಗೆ ಮಾಡಿರುವುದಿಲ್ಲ, ಪಕ್ಕದ ಗೋಡೆಯಿಂದ ಗಾಳಿ ಜಿನುಗುತ್ತದೆ. ಕೆಲವು ವರ್ಷದ ಹಿಂದೆ ದುಡ್ಡು ಉಳಿಸಲು ನಾನು ಅಂಥದ್ದೊಂದು ಟೈರು ಹಾಕಿದ್ದೆ. ಅಂಚು ಪೂರ್ತಿ ಕೂತಿಲ್ಲ ಅನ್ನಿಸಿ ಗಾಳಿ ಏರಿಸುತ್ತಾ ಹೋದೆ. ಕೋಣೆಯೊಳಗೆ ಬಂದೂಕು ಹಾರಿದ ಹಾಗೆ ಸದ್ದಾಗಿ ಟೈರು ರಿಮ್ಮಿನಿಂದ ಹಾರಿತು. ಪಕ್ಕದಲ್ಲೇ ಅಣ್ಣನ ಮಗ ಕೂತಿದ್ದ. ಯಾರಿಗೂ ಏನೂ ಆಗಲಿಲ್ಲ, ಆದರೆ ಸಂಜೆವರೆಗೂ ಕಿವಿ ಗುಂಯ್ ಅನ್ನುತ್ತಿತ್ತು. ಅವತ್ತಿನಿಂದ ಎರಡು ನಿಯಮ ಬಿಟ್ಟಿಲ್ಲ. ಟೈರಿನ ಮೇಲೆ ಟ್ಯೂಬ್‌ಲೆಸ್ ರೆಡಿ ಅಂತ ಬರೆದಿರಲೇಬೇಕು. ಮ್ಯಾಕ್ಸಿಸ್‌ನವರು ಟಿಆರ್ ಅಂತ, ಸ್ಪೆಷಲೈಸ್ಡ್‌ನವರು ಟೂಬ್ಲಿಸ್ ರೆಡಿ ಅಂತ, ಡಬ್ಲ್ಯುಟಿಬಿಯವರು ಟಿಸಿಎಸ್ ಅಂತ ಬರೆಯುತ್ತಾರೆ. ಇನ್ನೊಂದು, ಟೈರಿನ ಮೇಲೆ ಒಂದು ಗರಿಷ್ಠ ಒತ್ತಡ, ರಿಮ್ಮಿಗೆ ಒಂದು ಗರಿಷ್ಠ ಒತ್ತಡ ಇದ್ದರೆ, ಯಾವುದು ಕಮ್ಮಿಯೋ ಅದನ್ನು ದಾಟಬಾರದು.

ಅಳತೆ ನೋಡುವಾಗ ಇಂಚು ನಂಬಬೇಡಿ. ಟೈರಿನ ಪಕ್ಕದಲ್ಲಿ 57-584 ಅಂಥ ಜೋಡಿ ಅಂಕಿ ಇರುತ್ತದೆ. 57 ಅಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ, ಅದೇ 2.25 ಇಂಚು. 584 ಅಂದರೆ ಅಂಚು ಕೂರುವ ವೃತ್ತದ ವ್ಯಾಸ, ಅದು ನಿಮ್ಮ 27.5 ಗಾಲಿ. 26 ಇಂಚಿನದಾದರೆ 559, 29 ಇಂಚಿನದಾದರೆ 622. ಈ ಮೂರಂಕಿ ಹೊಂದದಿದ್ದರೆ ಏನು ಮಾಡಿದರೂ ಟೈರು ಕೂರುವುದಿಲ್ಲ.

ಈಗ ಟೇಪು. ಇದಕ್ಕೆ ಒಂದು ಪೂರ್ತಿ ಸಂಜೆ ಇಟ್ಟುಕೊಳ್ಳಿ, ಅವಸರ ಮಾಡಬೇಡಿ. ಮೊದಲು ಗಾಲಿ ಓಲಾಡುತ್ತಿದ್ದರೆ ಕಡ್ಡಿ ಬಿಗಿ ಮಾಡಿಸಿ ನೇರ ಮಾಡಿಸಿ. ಟೇಪು ಹಾಕಿದ ಮೇಲೆ ನಿಪ್ಪಲ್ ಬದಲಿಸಬೇಕಾದರೆ ಎಲ್ಲ ಕೀಳಬೇಕಾಗುತ್ತದೆ. ರಿಮ್ಮಿನ ಒಳಗಲ ಅಳೆಯಿರಿ, ಎರಡು ಗೋಡೆಗಳ ನಡುವಿನ ಅಂತರ. ಅದಕ್ಕಿಂತ 2 ರಿಂದ 4 ಮಿಲಿಮೀಟರ್ ಅಗಲದ ಟೇಪು ತನ್ನಿ. ಒಳಗಲ 21 ಇದ್ದರೆ 23 ರಿಂದ 25ರ ಟೇಪು. ಟೇಪು ತಗ್ಗಿಗೆ ಇಳಿದು, ಎರಡೂ ಕಟ್ಟೆ ಹತ್ತಿ, ಟೈರಿನ ಅಂಚಿನ ಅಡಿಗೆ ಹೋಗಬೇಕು. ಕಿರಿದಾದ ಟೇಪು ಕಡ್ಡಿ ತೂತನ್ನಷ್ಟೇ ಮುಚ್ಚಿದರೆ, ಅದರ ಅಂಚಿನಿಂದ ಸೀಲಂಟ್ ಒಳಗೆ ನುಸುಳಿ ಒಂದೇ ವಾರದಲ್ಲಿ ಎಬ್ಬಿಸುತ್ತದೆ. ಕರೆಂಟಿನ ಕಪ್ಪು ಟೇಪು ಬೇಡ, ನಮ್ಮ ಬಿಸಿಲಿಗೆ ಅಂಟು ಕರಗಿ ಜಾರುತ್ತದೆ. ಟ್ಯೂಬ್‌ಲೆಸ್ ಟೇಪು ಅಂತ ಸಿಗುವುದನ್ನೇ ತನ್ನಿ. ಹಳೆಯ ಮೆಕ್ಯಾನಿಕ್‌ಗಳಲ್ಲಿ ಕೆಲವರು ಟೆಸಾ 4289 ಅನ್ನುವ ಪ್ಯಾಕಿಂಗ್ ಪಟ್ಟಿ ಬಳಸುತ್ತಾರೆ, ಅದೂ ಗಟ್ಟಿ.

ರಿಮ್ಮಿನ ಒಳಗನ್ನು ಸ್ಪಿರಿಟ್ ಹಾಕಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಿ. ಒಣಗಿದ ಮೇಲೆ ಬೆರಳು ತಾಗಿಸಬೇಡಿ, ಕೈಯ ಜಿಡ್ಡು ಸಾಕು ಟೇಪು ಕೀಳಲು. ವಾಲ್ವ್ ತೂತಿನಿಂದ ಒಂದು ಗೇಣು ಈಚೆ ಶುರು ಮಾಡಿ. ಟೇಪನ್ನು ಚೆನ್ನಾಗಿ ಎಳೆದು ಹಿಡಿಯಿರಿ, ಅದು ತುಸು ಹಿಗ್ಗಬೇಕು. ಎಳೆತ ಬಿಡದೆ ಹೆಬ್ಬೆರಳಿಂದ ಮೊದಲು ನಡುವಿನ ತಗ್ಗಿಗೆ ಒತ್ತಿ, ಆಮೇಲೆ ಎರಡೂ ಬದಿಗೆ. ಒಂದು ಸುತ್ತು ಮುಗಿಸಿ ವಾಲ್ವ್ ತೂತು ದಾಟಿ ಮತ್ತೊಂದು ಗೇಣು ಮುಂದೆ ಹೋಗಿ ಕತ್ತರಿಸಿ. ಹಾಗಾದರೆ ವಾಲ್ವ್ ಇರುವ ಕಡೆ ಎರಡು ಪದರ ಬರುತ್ತದೆ. ಎಲ್ಲಾದರೂ ಗುಳ್ಳೆ ಉಳಿದಿದ್ದರೆ ಸುಮ್ನೆ ಬಿಡಬೇಡಿ, ಒಣ ಬಟ್ಟೆ ಒತ್ತಿ ಒತ್ತಿ ಹೊರಗೆ ದಬ್ಬಿ.

ವಾಲ್ವಿಗೆ ತೂತು ಮಾಡುವುದು ಬ್ಲೇಡಿನಿಂದ ಅಲ್ಲ. ಬ್ಲೇಡಿನ ಗೀರು ಸೀಳುತ್ತಾ ಹೋಗುತ್ತದೆ. ದಬ್ಬಣ ಕಾಯಿಸಿ ಒಳಗಿನಿಂದ ಚುಚ್ಚಿ. ಸುಟ್ಟ ತೂತಿನ ಅಂಚು ಗುಂಡಗೆ, ಗಟ್ಟಿಯಾಗಿ ನಿಲ್ಲುತ್ತದೆ. ತೂತು ವಾಲ್ವಿಗಿಂತ ಚಿಕ್ಕದಿರಲಿ, ವಾಲ್ವನ್ನು ತಿರುವುತ್ತಾ ದೂಡಿದರೆ ಬಿಗಿಯಾಗಿ ಹೋಗುತ್ತದೆ. ಆದರೆ ವಾಲ್ವ್ ಹಾಕುವ ಮೊದಲು ಹಳೆಯ ಟ್ಯೂಬ್ ಹಾಕಿ, ಟೈರು ಏರಿಸಿ, ಗಾಳಿ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಟ್ಯೂಬ್ ತೆಗೆಯುವಾಗ ಟೈರಿನ ಒಂದು ಬದಿಯ ಅಂಚನ್ನು ಮಾತ್ರ ಬಿಚ್ಚಿ, ಟ್ಯೂಬ್ ಇದ್ದ ತೂತಿಗೆ ಟ್ಯೂಬ್‌ಲೆಸ್ ವಾಲ್ವ್ ಹಾಕಿ. ಟೇಪು ರಿಮ್ಮಿಗೆ ಒತ್ತಿ ಕೂತಿರುತ್ತದೆ, ಇನ್ನೊಂದು ಬದಿಯ ಅಂಚು ಆಗಲೇ ತನ್ನ ಜಾಗ ಹಿಡಿದಿರುತ್ತದೆ. ಅರ್ಧ ಕೆಲಸ ನಿದ್ದೆಯಲ್ಲೇ ಆದ ಹಾಗೆ.

ವಾಲ್ವ್ ವಿಷಯದಲ್ಲಿ ನಮ್ಮ ಕಡೆಗೆ ಹೊಂದುವ ಒಂದು ಮಾತು. ನಮ್ಮಲ್ಲಿ ಮಾರುವ ಬಹಳಷ್ಟು ಮೌಂಟನ್ ಬೈಕಿನ ರಿಮ್ಮಿಗೆ ಮೋಟಾರು ಬೈಕಿನಂಥ ದಪ್ಪ ವಾಲ್ವಿನ ತೂತು, ಅಂದರೆ 8.5 ಮಿಲಿಮೀಟರಿನ ಶ್ರೇಡರ್ ತೂತು ಇರುತ್ತದೆ. ಸಪೂರ ಪ್ರೆಸ್ಟಾ ವಾಲ್ವಿನ ತೂತು 6.5. ಎಲ್ಲರೂ ಪ್ರೆಸ್ಟಾ ಕೊಳ್ಳುತ್ತಾರೆ ಅಂತ ನೀವೂ ಕೊಂಡರೆ ದಪ್ಪ ತೂತಿನಲ್ಲಿ ಅದು ಅಲ್ಲಾಡುತ್ತದೆ. ನಿಮ್ಮದು ದಪ್ಪ ತೂತಾದರೆ ಶ್ರೇಡರ್ ಟ್ಯೂಬ್‌ಲೆಸ್ ವಾಲ್ವನ್ನೇ ಹುಡುಕಿ ತರಿಸಿ. ಊರಿನ ಯಾವ ಪಂಚರ್ ಅಂಗಡಿಯ ಕಂಪ್ರೆಸರ್ ಆದರೂ ನೇರವಾಗಿ ಹೊಂದುತ್ತದೆ. ಕುಳಗೇರಿ ಕ್ರಾಸಿನಲ್ಲಿ ನಿಂತು ಅಡಾಪ್ಟರ್ ಹುಡುಕುವ ಪಾಡು ಇರುವುದಿಲ್ಲ.

ಟೈರು ಕೂರಿಸಲು ಕಾಲ್ಪಂಪು ಸಾಕಾಗುವುದು ಅಪರೂಪ. ಗಾಳಿ ಒಮ್ಮೆಲೇ ನುಗ್ಗಬೇಕು. ಟೈರಿನ ಎರಡೂ ಅಂಚಿಗೆ ಸೋಪಿನ ನೀರು ಹಚ್ಚಿ. ವಾಲ್ವಿನ ಒಳಪಿನ್ನು ಬಿಚ್ಚಿಡಿ, ದಾರಿ ಅಗಲವಾಗುತ್ತದೆ. ಕಂಪ್ರೆಸರಿನ ಗಾಳಿಯನ್ನು ತುಸು ತುಸುವೇ, ಮೀಟರ್ ನೋಡುತ್ತಾ ಬಿಡಿ. ಮೊದಲು ಎಲ್ಲ ಕಡೆ ಬುಸುಗುಡುತ್ತದೆ, ನೊರೆ ಏಳುತ್ತದೆ. ಆಮೇಲೆ ಟಪ್, ಟಪ್ ಅಂತ ಎರಡು ಮೂರು ಸದ್ದು. ಅದು ಅಂಚು ಕಟ್ಟೆ ಏರಿದ ಸದ್ದು. ಟೈರಿನ ಪಕ್ಕದಲ್ಲಿ ರಿಮ್ಮಿನುದ್ದಕ್ಕೂ ಒಂದು ಸಣ್ಣ ಗೆರೆ ಇರುತ್ತದೆ. ಗಾಲಿ ತಿರುಗಿಸಿ ನೋಡಿ, ಆ ಗೆರೆ ಎಲ್ಲ ಕಡೆ ಒಂದೇ ಸಮ ಕಂಡರೆ ಟೈರು ಕೂತಿದೆ. ಎಲ್ಲಾದರೂ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಅಲ್ಲಿ ಸೋಪು ನೀರು ಹಚ್ಚಿ ಮತ್ತೆ ಶುರು ಮಾಡಿ. ಸಾಮಾನ್ಯವಾಗಿ 30 ರಿಂದ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒಳಗೇ ಕೂತುಬಿಡುತ್ತದೆ.

ಇಲ್ಲಿಯವರೆಗೂ ಸೀಲಂಟ್ ಹಾಕಿಲ್ಲ, ಗಮನಿಸಿ. ಒಳಪಿನ್ನು ಮತ್ತೆ ಹಾಕಿ ಗಾಳಿ ತುಂಬಿದರೆ ಒಣ ಟೈರೇ ಗಾಳಿ ಹಿಡಿಯಬೇಕು, ಒಂದರ್ಧ ಗಂಟೆಯಾದರೂ. ಹಿಡಿಯದಿದ್ದರೆ ಗಾಲಿಯನ್ನು ನೀರಿನ ಬುಟ್ಟಿಯಲ್ಲಿ ತಿರುಗಿಸಿ. ಕಡ್ಡಿಯ ಬುಡದಿಂದ ಗುಳ್ಳೆ ಬಂದರೆ ಅದು ಟೇಪಿನ ತಪ್ಪು. ಆದರೆ ಗುಳ್ಳೆ ಬಂದ ಕಡ್ಡಿಯ ಹತ್ತಿರವೇ ಟೇಪು ಕೆಟ್ಟಿರಬೇಕು ಅಂತಿಲ್ಲ. ಗಾಳಿ ರಿಮ್ಮಿನ ಎರಡು ಗೋಡೆಗಳ ನಡುವೆ ಸುತ್ತಿ ಎಲ್ಲಿಂದಲೋ ಹೊರಗೆ ಬರುತ್ತದೆ. ಹೆಚ್ಚಿನ ಸಲ ಕಳ್ಳ ಇರುವುದು ವಾಲ್ವಿನ ಬುಡದಲ್ಲೇ. ವಾಲ್ವಿನ ನಟ್ಟನ್ನು ಕೈಯಿಂದ ಬಿಗಿ ಮಾಡಿ ನೋಡಿ. ಇಕ್ಕಳ ಹಾಕಬೇಡಿ, ದಾರಿಯಲ್ಲಿ ಬಿಚ್ಚಲು ಬರುವುದಿಲ್ಲ.

ಗಾಳಿ ನಿಂತಿತು ಅಂದ ಮೇಲೆ ಅದನ್ನು ಬಿಟ್ಟು, ಒಳಪಿನ್ನು ತೆಗೆದು, ಸಿರಿಂಜಿನಿಂದ ಸೀಲಂಟ್ ಹಾಕಿ. ನಿಮ್ಮ 27.5 ಗಾಲಿಗೆ 2.25 ಟೈರಾದರೆ ಒಂದೊಂದಕ್ಕೆ 90 ರಿಂದ 100 ಮಿಲಿ. ನಾನಾದರೆ ಹಿಂದಿನದಕ್ಕೆ 20 ಮಿಲಿ ಜಾಸ್ತಿ ಹಾಕುತ್ತೇನೆ, ಮುಳ್ಳು ಅಲ್ಲೇ ಜಾಸ್ತಿ. ಬಾಟಲಿಯನ್ನು ತಲೆಕೆಳಗು ಮಾಡಿ ಚೆನ್ನಾಗಿ ಅಲ್ಲಾಡಿಸಿ, ಕೆಲಸ ಮಾಡುವ ಕಣಗಳೆಲ್ಲ ತಳದಲ್ಲಿ ಕೂತಿರುತ್ತವೆ. ಗಾಳಿ ತುಂಬಿ, ಗಾಲಿಯನ್ನು ಮೊರ ಹಿಡಿದ ಹಾಗೆ ಅಡ್ಡ ಹಿಡಿದು ತೂಗಿ, ಒಂದೊಂದು ಬದಿ ಐದೈದು ನಿಮಿಷ. ಕೂಡಲೇ ಹೊರಗೆ ಒಂದು ಸುತ್ತು ಹೋಗಿ ಬನ್ನಿ. ಮೊದಲ ನಾಲ್ಕೈದು ದಿನ ಗಾಳಿ ತುಸು ಇಳಿಯುತ್ತದೆ, ಗಾಬರಿ ಬೇಡ. ದಿನಾ ತುಂಬಿ, ಓಡಿಸಿ.

ಮೋಟಾರು ಬೈಕಿಗೆ ಹಾಕುವ ಹಸಿರು ಸೀಲಂಟ್ ಹಾಕೋಣ ಅಂತ ಕೇಳುವವರು ಬಹಳ. ಬೇಡ. ಮೋಟಾರು ಬೈಕಿನ ಟ್ಯೂಬ್‌ಲೆಸ್ ಟೈರು ಒಳಗೆ ದಪ್ಪ ರಬ್ಬರ್ ಪದರ ಇಟ್ಟುಕೊಂಡೇ ಬರುತ್ತದೆ, ತಾನೇ ಗಾಳಿ ಹಿಡಿಯುತ್ತದೆ. ಸೈಕಲ್ ಟೈರಿನ ಗೋಡೆ ತೆಳು. ಅದರ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಲೂ ಲೇಟೆಕ್ಸ್ ಬೇಕು. ಪಂಚರ್ ಅಂಗಡಿಯವರು ತುರುಕುವ ದಪ್ಪ ಹಗ್ಗವೂ ಸೈಕಲ್ಲಿಗೆ ಆಗುವುದಿಲ್ಲ, ಇದ್ದ ತೂತನ್ನು ಇನ್ನೂ ದೊಡ್ಡದು ಮಾಡುತ್ತದೆ. ಸೈಕಲ್ಲಿನ ಪ್ಲಗ್ಗುಗಳು ಬೇರೆ, ಸಪೂರ ಇರುತ್ತವೆ. ಬಾದಾಮಿ ಕಡೆಯ ಕಲ್ಲು ಟೈರು ಸೀಳಿದರೆ ಸೀಲಂಟ್ ಒಂದೇ ಸಾಲದು, ಪ್ಲಗ್ಗು ಬೇಕು.

ಇನ್ನೊಂದು ಗೊಂದಲ ನಮ್ಮ ಕಡೆ ಬಹಳ. ನಮ್ಮ ಎರಡೂ ಜಿಲ್ಲೆಯ ಹುಡುಗ ಹುಡುಗಿಯರು ರೇಸಿಗೆ ಇಳಿಯುವವರು. ಅವರ ಟ್ರ್ಯಾಕ್ ಸೈಕಲ್ಲಿನಲ್ಲಿ ಇರುವುದು ಟ್ಯೂಬುಲರ್. ಟ್ಯೂಬನ್ನು ಟೈರಿನೊಳಗೇ ಹೊಲಿದು, ಇಡೀ ಟೈರನ್ನು ರಿಮ್ಮಿಗೆ ಅಂಟು ಹಾಕಿ ಕೂರಿಸುವುದು ಅದು. ಹೆಸರು ಒಂದೇ ಥರ ಕೇಳಿಸಿದರೂ ಟ್ಯೂಬ್‌ಲೆಸ್‌ಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಮೊದಲ ಮೆಕ್ಯಾನಿಕ್ ಬಹುಶಃ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು.

ಗಾಳಿ ಎಷ್ಟು ಅಂತ ಕೇಳಿಲ್ಲ, ಆದರೂ ಹೇಳಲೇಬೇಕು. ಟ್ಯೂಬ್ ಇದ್ದಾಗ ನೀವು 35, 40 ಹಾಕುತ್ತಿದ್ದಿರಬಹುದು. ಕಮ್ಮಿ ಹಾಕಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತಾಗುತ್ತದೆ. ಟ್ಯೂಬೇ ಇಲ್ಲದಿದ್ದರೆ ಆ ಭಯ ಇಲ್ಲ. ನಿಮ್ಮ 74 ಕಿಲೋ ತೂಕಕ್ಕೆ ಮೊದಲು ಹಿಂದೆ 28, ಮುಂದೆ 26 ಹಾಕಿ. ಒಂದೊಂದು ವಾರ ಒಂದೊಂದು ಪಿಎಸ್‌ಐ ಇಳಿಸುತ್ತಾ ಹೋಗಿ. ಹಿಂದೆ 25, ಮುಂದೆ 22 ರಿಂದ 23ರ ಹತ್ತಿರ ನಿಮಗೆ ಹಿತವಾದ ಜಾಗ ಸಿಗುತ್ತದೆ. ಮಡ್ಡಿಯ ಗರಸಿನ ಮೇಲೆ ಗಾಲಿ ಕುಣಿಯುವುದು ನಿಲ್ಲುತ್ತದೆ, ನೆಲ ಹಿಡಿದುಕೊಂಡು ಹೋಗುತ್ತದೆ. ರಿಮ್ಮಿಗೆ ಕಲ್ಲು ಠಣ್ ಅಂತ ಬಡಿದರೆ ಎರಡು ಪಿಎಸ್‌ಐ ಮೇಲೆ ಬನ್ನಿ. ನಿಮ್ಮ ರಿಮ್ಮಿಗೆ ಆ ಏಣು ಇಲ್ಲದಿದ್ದರೆ 26ರ ಕೆಳಗೆ ಇಳಿಸಲೇಬೇಡಿ.

ಬೇಸಿಗೆಯದು ಬೇರೆ ಲೆಕ್ಕ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣ. ಸೀಲಂಟಿನ ನೀರು ಟೈರಿನ ಗೋಡೆಯಿಂದಲೇ ಆರಿ ಹೋಗುತ್ತದೆ. ತಂಪು ದೇಶದವರು ಆರು ತಿಂಗಳು ಬರುತ್ತದೆ ಅಂತ ಬರೆಯುತ್ತಾರೆ. ಹೋದ ಮೇ ತಿಂಗಳಲ್ಲಿ ನಾನು ಟೈರು ಬಿಚ್ಚಿದರೆ ಎರಡೂವರೆ ತಿಂಗಳ ಹಿಂದೆ ಹಾಕಿದ್ದು ಹಾಲಿನ ಕೆನೆಯ ಹಾಗೆ ತೆಳು ಪೊರೆಯಾಗಿ ಅಂಟಿತ್ತು, ಒಂದು ಹನಿ ದ್ರವ ಇರಲಿಲ್ಲ. ಮುಳ್ಳು ಚುಚ್ಚಿದ್ದರೆ ಅಲ್ಲೇ ಕೂರಬೇಕಿತ್ತು. ಅದಕ್ಕೇ ಫೆಬ್ರವರಿಯಿಂದ ಮೇ ವರೆಗೆ ಎರಡು ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಮೂರು ನಾಲ್ಕು ತಿಂಗಳಿಗೊಮ್ಮೆ 50, 60 ಮಿಲಿ ಹಾಕುತ್ತಿರಿ. ಇದೆಯೋ ಇಲ್ಲವೋ ನೋಡಲು ಗಾಲಿ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಎಳನೀರಿನ ಹಾಗೆ ಬುಳುಬುಳು ಅಂದರೆ ಇದೆ. ಸೈಕಲ್ಲನ್ನು ಬಿಸಿಲಲ್ಲಿ ನಿಲ್ಲಿಸಬೇಡಿ.

ಖರ್ಚಿನ ಮಾತು. ಟೇಪು, ಎರಡು ವಾಲ್ವು, ಸೀಲಂಟಿಗಿಂತ ಜಾಸ್ತಿ ದುಡ್ಡು ಹೋಗುವುದು ಟೈರಿಗೆ. ಒಮ್ಮೆಲೇ ಆಗದಿದ್ದರೆ ಹಿಂದಿನ ಗಾಲಿ ಮೊದಲು ಮಾಡಿ. ನಿಮ್ಮ ಭಾರ ಜಾಸ್ತಿ ಬೀಳುವುದು ಅಲ್ಲೇ. ಮುಂದಿನದರಲ್ಲಿ ಟ್ಯೂಬ್ ಇರಲಿ, ಏನೂ ತೊಂದರೆ ಇಲ್ಲ. ರಿಮ್ಮು ಒಂದೇ ಗೋಡೆಯದಾದರೆ ಟ್ಯೂಬನ್ನೇ ಇಟ್ಟುಕೊಂಡು, ಅದರ ವಾಲ್ವಿನ ಒಳಪಿನ್ನು ತೆಗೆದು ಟ್ಯೂಬಿನೊಳಗೇ ಸೀಲಂಟ್ ಹಾಕಿ. ಗಾಳಿ ಕಮ್ಮಿ ಮಾಡುವ ಹಾಗಿಲ್ಲ, ಆದರೆ ನೆಗ್ಗಿಲಿಗೆ ಅದೂ ಸಾಕು. ಹೊಸ ಗಾಲಿಗೆ ದುಡ್ಡು ಹಾಕುವ ಮೊದಲು ಇದನ್ನು ಒಂದು ಹಂಗಾಮು ಮಾಡಿ ನೋಡಿ.

ಟ್ಯೂಬ್‌ಲೆಸ್ ಆದ ಮೇಲೂ ಬ್ಯಾಗಿನಲ್ಲಿ ಒಂದು ಟ್ಯೂಬ್ ಇರಲೇಬೇಕು. ಅದನ್ನು ಹಾಕಬೇಕಾಗಿ ಬಂದ ದಿನ, ಹಾಕುವ ಮೊದಲು ಟೈರಿನ ಒಳಮೈ ಮೇಲೆ ಬಟ್ಟೆ ಎಳೆದು ಸುತ್ತೂ ಸವರಿ. ಎಷ್ಟೋ ವಾರದಿಂದ ಮುರಿದು ನಿಂತ ಮುಳ್ಳಿನ ತುದಿಗಳು ಅಲ್ಲಿ ಕಾಯುತ್ತಿರುತ್ತವೆ, ಸೀಲಂಟ್ ಅವನ್ನು ಮುಚ್ಚಿಟ್ಟಿರುತ್ತದೆ. ಒಂದನ್ನು ಬಿಟ್ಟರೂ ಹೊಸ ಟ್ಯೂಬ್ ನೂರು ಹೆಜ್ಜೆ ಹೋಗುವುದಿಲ್ಲ. ಈ ಭಾನುವಾರ ಹಿಂದಿನ ಗಾಲಿ ಬಿಚ್ಚಿ, ರಿಮ್ಮಿನ ಒಳಗಲ, ವಾಲ್ವ್ ತೂತಿನ ಅಳತೆ, ಏಣು ಇದೆಯೋ ಇಲ್ಲವೋ, ಇಷ್ಟು ಬರೆದು ಕಳಿಸಿ. ಯಾವ ಅಗಲದ ಟೇಪು, ಯಾವ ವಾಲ್ವು ಅಂತ ಹೇಳುತ್ತೇನೆ.